ಗಾಲಿಗೆ ಅಡ್ಡ ಇಟ್ಟ ಸಸಿ

ಜವಳಗೇರಾದಲ್ಲಿ ಭತ್ತದ ಸಸಿ ಹಚ್ಚುವ, ಅಂದರೆ ನಾಟಿ ಮಾಡುವ, ಹೆಂಗಸರ ಗುಂಪುಗಳು ಹಲವಾರಿವೆ. ಅವುಗಳಲ್ಲಿ ಕರೆಮ್ಮನ ಗುಂಪಿಗೆ ಬೇಡಿಕೆ ಹೆಚ್ಚು. ಕಾಲುವೆಗೆ ನೀರು ಬಿಟ್ಟರೆಂಬ ಸುದ್ದಿ ಬಂದ ಮರುದಿನವೇ, ಕಾಲುವೆಯ ನೀರಿಗೆಂದು ವಲಸೆ ಬಂದು ನೆಲೆಸಿದ ಕ್ಯಾಂಪಿನ ರೈತರು ಆಕೆಯ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಆ ಗುಂಪಿಗೊಂದು ಕಟ್ಟಳೆಯುಂಟು. ಗುಂಪಿನೊಳಗಿನ ಜಾಗ ಆಳಿನದಲ್ಲ, ಮನೆಯದು. ಮನೆಯವಳಿಗೆ ಆಗದಿದ್ದರೆ ಮಗಳು ಬರಲಿ, ಸೊಸೆ ಬರಲಿ, ಅತ್ತೆಯೇ ಬರಲಿ. ಯಾರೂ ಬರದಿದ್ದರೆ ಆ ಜಾಗಕ್ಕೆ ಅಂದೇ ಇನ್ನೊಂದು ಮನೆಯವರು ಸೇರುತ್ತಾರೆ. ಮತ್ತೆ ಹಂಗಾಮು ಮುಗಿಯುವ ತನಕ ಹೊರಗಾದ ಮನೆಗೆ ಕರೆ ಇಲ್ಲ. ಇದರಲ್ಲಿ ಕರೆಮ್ಮನ ಕೆಟ್ಟತನವೇನೂ ಇರಲಿಲ್ಲ. ಎಕರೆಯ ಲೆಕ್ಕದಲ್ಲಿ ಒಪ್ಪಿಕೊಂಡ ಕೆಲಸ. ಒಂದು ಸಾಲು ಖಾಲಿ ಬಿದ್ದರೆ ಉಳಿದವರ ಸೊಂಟವೇ ಅದನ್ನು ತುಂಬಬೇಕಾಗುತ್ತದೆ.

ಪಿಂಜಾರ ರಾಜೇಸಾಬನ ಹೆಂಡತಿ ಹುಸೇನಬಿ ಆ ಗುಂಪಿನಲ್ಲಿ ಮೊದಲಿನಿಂದಲೂ ಇದ್ದವಳು. ಆ ದಿನ ಬೆಳಗಾಗುವ ಹೊತ್ತಿಗೆ ಅವಳಿಗೆ ನೆಲಕ್ಕೆ ಕಾಲೂರಲು ಆಗಲಿಲ್ಲ. ವಾರಗಟ್ಟಲೆ ಕೆಸರಿನಲ್ಲಿ ನಿಂತು ಬೆರಳ ಸಂದಿಗಳೆಲ್ಲ ಹುಣ್ಣಾಗಿದ್ದವು. ಬಲಗಾಲು ಮೊಣಕಾಲಿನವರೆಗೆ ಬಾತಿತ್ತು. ಆದರೂ ಗೋಡೆ ಹಿಡಿದು ಎದ್ದು ನಿಂತಳು, ಒಂದು ಹೆಜ್ಜೆ ಇಟ್ಟು ಅಲ್ಲಿಯೇ ಕುಳಿತಳು.

ಮಗಳು ಶಾಕೀರಾ ಪುಸ್ತಕ ಮುಚ್ಚಿಟ್ಟು ಬಂದು, ಗೂಟದ ಮೇಲಿನ ಅಪ್ಪನ ಹಳೆಯ ಅಂಗಿಯನ್ನು ಇಳಿಸಿಕೊಂಡಳು. ಕೆಸರಿಗಿಳಿಯುವ ಹೆಂಗಸರೆಲ್ಲ ಮೈಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಳ್ಳುವುದು ಅಲ್ಲಿಯ ರೂಢಿ. ಅಂಗಿ ಕೈಗೆ ಬಂದಿತೆಂದರೆ ಮತ್ತೇನೂ ಹೇಳಬೇಕಾಗಿರಲಿಲ್ಲ.

“ತೂ ನಕ್ಕೋ ಜಾ ಬೇಟಿ, ತೇರಾ ಪರೀಕ್ಷಾ ಹೈ ನಾ,” ಎಂದಳು ಹುಸೇನಬಿ. ಓಣಿಯಲ್ಲಿ ಕನ್ನಡವಾಡುವ ಆ ಮನೆಯವರಿಗೆ ಹೀಗೆ ಹೋಗಬೇಡವೆನ್ನುವಂಥ ಸಂಕಟ ಬಂದಾಗ ದಖನಿಯೇ ಬಾಯಿಗೆ ಬರುತ್ತಿತ್ತು.

“ಪರೀಕ್ಷಾ ಮಧ್ಯಾಹ್ನ ಐತಿ ಅಮ್ಮಿ. ನನ್ನದು ಎರಡನೇ ಬ್ಯಾಚ್. ಇವತ್ತ ಅರ್ಧ ದಿನದ ಕೆಲಸ ಅಂತ ಕರೆಮ್ಮತ್ತಿನೇ ಹೇಳ್ಯಾಳ. ನಾಟಿ ಮುಗಿಸಿ, ಮೈ ತೊಳಕೊಂಡು, ಬಸ್ ಹತ್ತೀನಿ ಅಂದ್ರ ಆತು.”

ಶಾಕೀರಾ ಸಿಂಧನೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿದ್ದಳು. ಉಳಿದೆಲ್ಲ ಪರೀಕ್ಷೆಗಳು ಮುಗಿದಿದ್ದವು. ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ಒಂದೇ ಬಾಕಿ. ಈ ಒಂದು ಪರೀಕ್ಷೆಯ ಮೇಲೆ ಅವಳ ಮುಂದಿನ ಬಾಳು ನಿಂತಿತ್ತೆಂದರೆ ಅತಿಶಯೋಕ್ತಿಯಲ್ಲ. ಪಿ.ಯು.ಸಿ. ಮುಗಿದ ವರ್ಷ ಮಸ್ಕಿಯಿಂದ ರಾಜೇಸಾಬನ ಅಕ್ಕ ಬಂದು, ತನ್ನ ಮಗ ಇಶ್ತಿಯಾಕನಿಗೆ ಹುಡುಗಿಯನ್ನು ಕೇಳಿದ್ದಳು. ಓದಿಸಬೇಕೆಂಬ ಆಸೆ ರಾಜೇಸಾಬನಿಗೆ. ಅಕ್ಕನಿಗೆ ಇಲ್ಲವೆನ್ನುವ ಧೈರ್ಯವಿರಲಿಲ್ಲ. ಕೊನೆಗೆ ಓಣಿಯ ಹಿರಿಯ ಉಸ್ಮಾನ್‌ಸಾಬರನ್ನು ನಡುವೆ ಕೂಡಿಸಿಕೊಂಡು ಒಂದು ಮಾತು ಕೊಟ್ಟಿದ್ದ: ಹುಡುಗಿ ಒಂದು ವರ್ಷವೂ ತಪ್ಪದಂತೆ ಪಾಸಾಗುತ್ತ ಹೋದರೆ ಬಿ.ಎಡ್. ಮುಗಿಯುವ ತನಕ ಯಾರೂ ಲಗ್ನದ ಮಾತೆತ್ತಬಾರದು. ಎಲ್ಲಿಯಾದರೂ ತಪ್ಪಿದಳೋ, ಮಸ್ಕಿಯ ಮನೆಗೇ ಸೊಸೆ. ಆ ಮಾತಿನ ಬಲದ ಮೇಲೆ ಶಾಕೀರಾ ಇಷ್ಟು ದೂರ ಬಂದಿದ್ದಳು. ಒಂದು ಸಲವೂ ತಪ್ಪಿರಲಿಲ್ಲ.

ಹೊರಡುವ ಮುನ್ನ ಫೋನನ್ನು ನೋಡಿದಳು. ರಾತ್ರಿಯಿಂದ ಕರೆಂಟು ಹೋಗಿ ಅದು ಸತ್ತು ಮಲಗಿತ್ತು. ಕರೆಂಟು ಬಂದರೆ ತುಂಬಿಕೊಳ್ಳಲೆಂದು ಚಾರ್ಜರಿಗೆ ಸಿಕ್ಕಿಸಿ, ಟ್ರ್ಯಾಕ್ಟರಿನ ಸದ್ದು ಕೇಳಿ ಓಡಿದಳು.

ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕುಳಿತ ಕರೆಮ್ಮ ಅವಳನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. “ಏನ್ ಬೇ ಡಾಕ್ಟರಮ್ಮ, ಸಸಿಗೆ ಸೂಜಿ ಚುಚ್ಚಾಕ ಬಂದಿ ಏನು?”

“ಡಾಕ್ಟರ್ ಅಲ್ಲತ್ತಿ, ಟೀಚರ್ ಆಗಾಕಿ.”

“ಯಾವುದಾರ ಆಗು. ಸಾಲು ಮಾತ್ರ ಡೊಂಕ ಆಗಬಾರದು ನೋಡು,” ಎಂದು ಕೈ ಕೊಟ್ಟು ಮೇಲಕ್ಕೆ ಎಳೆದುಕೊಂಡಳು.

ಹೊಲ ಇದ್ದದ್ದು ವಳಕಮದಿನ್ನಿಯ ಕಡೆ ಹೋಗುವ ಕಾಲುವೆ ದಾರಿಯ ಮಗ್ಗುಲಲ್ಲಿ. ಅಂದು ಕೆಲಸ ಒಪ್ಪಿಕೊಂಡಿದ್ದ ಕ್ಯಾಂಪಿನ ರೈತನ ಹೊಲದಲ್ಲಿ ನಾಟಿಗೆ ಉಳಿದದ್ದು ಅದೇ ಕೊನೆಯ ಮಡಿ. ಕೊನೆಯ ಮಡಿಯ ದಿನಕ್ಕೆ ಇನ್ನೊಂದು ರೂಢಿಯುಂಟು. ದಾರಿಯಲ್ಲಿ ಹಾಯುವವರು ಯಾರೇ ಆಗಿರಲಿ, ಹೆಂಗಸರು ಸಸಿಯ ಕಟ್ಟೊಂದನ್ನು ಗಾಡಿಯ ಗಾಲಿಗೆ ಅಡ್ಡ ಇಟ್ಟು ಖುಷಿ ಕೇಳುತ್ತಾರೆ. ಅನ್ನವಾಗುವ ಸಸಿಯನ್ನು ತುಳಿದು ಹೋಗುವ ಧೈರ್ಯ ಯಾರಿಗೂ ಇಲ್ಲ. ಕೈಲಾದುದನ್ನು ಕೊಟ್ಟು, ಕಟ್ಟನ್ನು ತಾವೇ ಎತ್ತಿ ಬದಿಗಿಟ್ಟು ಹೋಗಬೇಕು. ಸಂಜೆ ಆ ದುಡ್ಡಿನಲ್ಲಿ ಸಿಹಿ ತರಿಸಿ ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ.

ಶಾಕೀರಾಳ ಕೈ ಕೆಲಸ ಮರೆತಿರಲಿಲ್ಲ. ರಜೆಗಳಲ್ಲೆಲ್ಲ ತಾಯಿಯ ಜೊತೆ ಹಚ್ಚಿದವಳೇ. ಎಡಗೈಯಲ್ಲಿ ಸಸಿ, ಬಲಗೈಯ ಬೆರಳು ಕೆಸರಿಗೆ. ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೋಗಬೇಕು. ಬಗ್ಗಿದ ತಲೆಯೊಳಗೆ ಅವಳು ಪಿಪೆಟ್ಟು ಹಿಡಿಯುವ ಬಗೆಯನ್ನು, ದ್ರಾವಣದ ಬಣ್ಣ ತಿರುಗುವ ಆ ಒಂದು ಹನಿಯನ್ನು ನೆನೆಯುತ್ತಿದ್ದಳು. ಬಿಸಿಲೇರುವ ಮೊದಲೇ ಅರ್ಧ ಮಡಿ ಹಸಿರಾಗಿತ್ತು.

ಆಗ ವಳಕಮದಿನ್ನಿಯ ಕಡೆಯಿಂದ ಒಂದು ಮೋಟಾರ್‌ಸೈಕಲ್ ಬಂದಿತು. ಇಬ್ಬರು ಕುಳಿತಿದ್ದರು. ಕರೆಮ್ಮ ಸಸಿಯ ಕಟ್ಟನ್ನು ಎತ್ತಿಕೊಂಡು, ನೀರು ಸುರಿಸುತ್ತಲೇ ಬದುವನ್ನು ಹತ್ತಿ, ಗಾಲಿಯ ಮುಂದೆ ಅದನ್ನು ಥಪ್ಪನೆ ಇಟ್ಟಳು. ಕೆಸರು ಸಿಡಿದು ಹಿಂದೆ ಕುಳಿತವರ ಪ್ಯಾಂಟಿಗೆ ಹತ್ತಿತು.

“ಖುಷಿ ಕೊಟ್ಟು ಹೋಗ್ರಿ ಸಾವಕಾರ್ರ.”

“ನಾವು ಸಾವಕಾರ್ರಲ್ಲ ಯವ್ವಾ, ಮಾಸ್ತರು. ಅರ್ಜೆಂಟ್ ಐತಿ, ಬಿಡು.”

ಆ ದನಿಯನ್ನು ಕೇಳಿದ ಕೂಡಲೇ ಶಾಕೀರಾ ಬಗ್ಗಿದಲ್ಲಿಯೇ ಕಲ್ಲಾದಳು. ಅದು ಅವಳ ರಸಾಯನಶಾಸ್ತ್ರದ ಅಧ್ಯಾಪಕರಾದ ಸಿದ್ದರಾಮೇಶ ಸರ್ ಅವರ ದನಿ. ತಲೆಗೆ ಸುತ್ತಿದ್ದ ದುಪಟ್ಟಾವನ್ನು ಕೆಸರುಗೈಯಿಂದಲೇ ಮೂಗಿನವರೆಗೆ ಎಳೆದುಕೊಂಡು, ಬೆನ್ನು ತಿರುಗಿಸಿ ಸಸಿ ಊರತೊಡಗಿದಳು. ಎರಡು ಸಸಿಗಳನ್ನು ಒಂದೇ ಕುಳಿಗೆ ಊರಿದುದು ಅವಳಿಗೆ ತಿಳಿಯಲಿಲ್ಲ.

“ಮಾಸ್ತರ ಆದ್ರ ಪಗಾರ ಬರೋದಿಲ್ಲೇನ್ರಿ? ನಾವು ಹಚ್ಚಿದ್ದ ಉಣ್ಣೋದಿಲ್ಲೇನ್ರಿ?” ಎಂದಳು ಕರೆಮ್ಮ. ಮಡಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು.

ಹಿಂದೆ ಕುಳಿತ ಹಿರಿಯರು ಪ್ಯಾಂಟು ಒರೆಸಿಕೊಳ್ಳುತ್ತ, “ಯಾವ ಊರಿನವರಪ್ಪಾ ಇವರೆಲ್ಲ?” ಎಂದು ಕೇಳಿದರು.

“ಜವಳಗೇರಾದವರು ಸರ್. ನಮ್ಮ ಕಾಲೇಜಿನಾಗ ಒಬ್ಬ ಹುಡುಗಿ ಅದಾಳ ಇದ ಊರಾಕಿ. ಶಾಕೀರಾ ಅಂತ. ಪಿಂಜಾರರ ಹುಡುಗಿ, ಬಾಳ ಶಾಣೇಕಿ. ನನ್ನ ನೌಕರಿಯಾಗ ಅಂಥ ಕೈ ನೋಡಿಲ್ಲ ಸರ್, ಒಂದು ಹನಿ ಹೆಚ್ಚು ಬೀಳೋದಿಲ್ಲ. ಇವತ್ತ ಆಕಿದೂ ಪರೀಕ್ಷಾ ಐತಲ್ಲ, ಈಗ ಹೊಂಟಿರಬೇಕು.” ಹೀಗೆ ಹೇಳಿ, ಜೇಬಿಗೆ ಕೈ ಹಾಕುತ್ತ ಕರೆಮ್ಮನನ್ನು ಕೇಳಿದರು: “ನಿನಗ ಗೊತ್ತದಾಳೇನವ್ವಾ ಆ ಹುಡುಗಿ?”

ಕರೆಮ್ಮನ ಮುಖ ಅರಳಿತು. ತಿರುಗಿ ಮಡಿಯ ಕಡೆ ನೋಡಿದಳು. ದುಪಟ್ಟಾದ ಸಂದಿಯಿಂದ ಅದನ್ನು ಕಂಡ ಶಾಕೀರಾ ಬಗ್ಗಿದಲ್ಲಿಂದಲೇ ಕೈ ಆಡಿಸಿದಳು: ಬೇಡ, ಬೇಡ. ಅಪ್ಪನ ಹರಕು ಅಂಗಿ, ತೊಡೆಯವರೆಗೆ ಕೆಸರು, ಸೊಂಟಕ್ಕೆ ಕಟ್ಟಿದ ಪ್ಲಾಸ್ಟಿಕ್ ಚೀಲ. ಅಂಥ ಕೈ ನೋಡಿಲ್ಲವೆಂದ ಬಾಯಿ ಈ ಕೈಯನ್ನು ನೋಡಬಾರದು. ಹೊಗಳಿಕೆ ಕೇಳಿ ಎದೆ ತುಂಬಿದಷ್ಟೇ ಮೈ ಮುದುಡಿತು. ಬರಿದೇ ಬೈದು ಹೋಗಿದ್ದರೆ ಅವಳು ತಲೆ ಎತ್ತುತ್ತಿದ್ದಳೋ ಏನೋ.

ಕರೆಮ್ಮ ಹುಡುಗಿಯ ಮನಸ್ಸನ್ನು ಬಲ್ಲವಳು. “ಇರಬೌದು ಬಿಡ್ರಿ. ಓದಿದವರ ಸುದ್ದಿ ಕೆಸರಾಗ ಇರೋರಿಗೆ ಏನ್ ಗೊತ್ತಾಗತೈತ್ರಿ,” ಎಂದಳು.

ಸರ್ ಒಂದು ನೋಟು ಕೊಟ್ಟು, ಸಸಿಯ ಕಟ್ಟನ್ನು ಎತ್ತಿ ಬದಿಗಿಟ್ಟು ಗಾಡಿ ಹೊಡೆದರು. ಆ ಸದ್ದು ಕಾಲುವೆಯ ಏರಿಯ ಆಚೆ ಅಡಗುವ ತನಕ ಶಾಕೀರಾ ತಲೆ ಎತ್ತಲಿಲ್ಲ.

“ಯಾಕ ಬೇ ಅಡಗಿದಿ? ಗುರುಗಳು ಎಷ್ಟು ಚಂದ ಮಾತಾಡಿದ್ರು.”

“ಹಿಂಗ ಇದ್ದೀನಲ್ಲತ್ತಿ.”

“ಹೆಂಗಿದ್ದಿ? ನಮ್ಮಂಗ ಇದ್ದಿ,” ಎಂದಳು ಕರೆಮ್ಮ. ದನಿಯಲ್ಲಿ ಸ್ವಲ್ಪ ಮೊನಚಿತ್ತು. ಅವಳು ಮತ್ತೆ ಸಾಲಿಗೆ ಬಂದು ಬಗ್ಗಿದಳು.

ನಾಟಿ ಮುಗಿಯಿತು. ಮನೆಗೆ ಬಂದರೆ ಕರೆಂಟು ಇನ್ನೂ ಬಂದಿರಲಿಲ್ಲ. ಕಲ್ಲಿನ ಚೂರಿನಿಂದ ಉಗುರು ಉಜ್ಜಿ ಮೈ ತೊಳೆದುಕೊಂಡಳು. ಹಾಲ್ ಟಿಕೆಟ್, ಬಿಳಿಯ ಕೋಟು, ಸತ್ತ ಫೋನು, ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು, ತಾಯಿ ಕೊಟ್ಟ ರೊಟ್ಟಿಯನ್ನು ನಿಂತೇ ತಿಂದು ಬಸ್ಸಿನ ಜಾಗಕ್ಕೆ ಬಂದಳು. ಮೊದಲ ಬಸ್ಸು ನಿಲ್ಲಲಿಲ್ಲ. ಹೆಂಗಸರಿಗೆ ಟಿಕೆಟ್ ಇಲ್ಲವಾದಂದಿನಿಂದ, ಬರೀ ಹೆಂಗಸರೇ ನಿಂತಿರುವ ಜಾಗವನ್ನು ಕಂಡರೆ ಕೆಲವು ಡ್ರೈವರುಗಳ ಕಾಲು ಬ್ರೇಕಿನ ಮೇಲೆ ಹೋಗುವುದಿಲ್ಲ. ಎರಡನೆಯ ಬಸ್ಸು ಮುಂದೆ ಹೋಗಿ ನಿಂತಿತು, ಓಡಿ ಹತ್ತಿದರು.

ಕಾಲೇಜು ತಲುಪಿದಾಗ ಅವಳ ಲೆಕ್ಕದಲ್ಲಿ ಇನ್ನೂ ಸಾಕಷ್ಟು ಹೊತ್ತಿತ್ತು. ಆದರೆ ಪ್ರಯೋಗಾಲಯದ ಮುಂದೆ ಒಬ್ಬರೂ ಇಲ್ಲ. ಒಳಗೆ ಅಟೆಂಡರ್ ಗ್ಯಾನಪ್ಪ ಗಾಜಿನ ನಳಿಗೆಗಳನ್ನು ತೊಳೆದು ಬೋರಲು ಹಾಕುತ್ತಿದ್ದ.

“ಕಾಕಾ, ಎರಡನೇ ಬ್ಯಾಚಿಗೆ ಇನ್ನೂ ಯಾರೂ ಬಂದಿಲ್ಲೇನು?”

ಗ್ಯಾನಪ್ಪನ ಕೈಯಲ್ಲಿದ್ದ ನಳಿಗೆ ಹಾಗೆಯೇ ನಿಂತಿತು. “ಯಾವ ಎರಡನೇ ಬ್ಯಾಚು ಯವ್ವಾ? ಎರಡೂ ಬ್ಯಾಚು ಬೆಳಿಗ್ಗೇನ ಒಟ್ಟಿಗೆ ಮುಗಿದ್ವಲ್ಲ. ಪರೀಕ್ಷಕರಿಗೆ ಮಧ್ಯಾಹ್ನ ಲಿಂಗಸುಗೂರಿನಾಗ ಇನ್ನೊಂದು ಹಾಕ್ಯಾರಂತ. ನಿನ್ನ ಗೆಳತಿ ಅಂಜಲಿ ಎಷ್ಟು ಸಲ ಫೋನ್ ಹಚ್ಚಿದಳು ನಿನಗ. ಬಂದಾಗಿತ್ತಂತ.”

ಶಾಕೀರಾಳಿಗೆ ಮೊದಲು ನೆನಪಾದದ್ದು ಸರ್ ಆಡಿದ ಆ ಕೊನೆಯ ಮಾತು. ಈಗ ಹೊಂಟಿರಬೇಕು. ಅಷ್ಟು ಬೆಳಿಗ್ಗೆ ಯಾಕೆ ಹೊರಟಿರಬೇಕೆಂದು ಆಗ ಅವಳಿಗೆ ಅನ್ನಿಸಿರಲೇ ಇಲ್ಲ. ಒಳ್ಳೆಯ ಹುಡುಗಿ ಬೇಗನೆ ಹೊರಡುತ್ತಾಳೆಂದು ಸರ್ ತಿಳಿದಿದ್ದಾರೆ, ಎಂದುಕೊಂಡು ಹಿಗ್ಗಿದ್ದಳು.

ಸಿದ್ದರಾಮೇಶ ಸರ್ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದರು. ಅವಳನ್ನು ಕಂಡು ಡಬ್ಬಿ ಮುಚ್ಚಿದರು.

“ಯಾಕವ್ವಾ ಹಿಂಗ ಮಾಡಿದಿ? ಕ್ಲಾಸಿನ ಗ್ರೂಪಿನಾಗ ನಸುಕಿನಾಗ ಮೆಸೇಜ್ ಹಾಕೀನಲ್ಲ.”

“ಕರೆಂಟ್ ಇರ್ಲಿಲ್ಲ ಸರ್. ಫೋನ್ ಸತ್ತಿತ್ತು.”

“ಅಯ್ಯ ನಿನ್ನ… ನಿಮ್ಮೂರ ದಾರಿಯಾಗ ಬಂದೀನಿ ನಾ! ಪರೀಕ್ಷಕರು ರಾತ್ರಿ ವಳಕಮದಿನ್ನಿ ಕಡೆ ಕ್ಯಾಂಪಿನಾಗ ಬೀಗರ ಮನ್ಯಾಗ ಇದ್ದರು, ಅವರನ್ನ ಕರಕೊಂಡು ಬರಾಕ ಹೋಗಿದ್ದೆ. ದಾರಿಯಾಗ ನಿನ್ನ ಕಂಡಿದ್ರ ಅಲ್ಲೇ ಹೇಳ್ತಿದ್ದೆ. ಎಲ್ಲಿದ್ದಿ ನೀ?”

ಶಾಕೀರಾ ನೆಲವನ್ನು ನೋಡಿದಳು. “ಅಲ್ಲೇ ಇದ್ದೆ ಸರ್, ಊರಾಗ.”

ಅವರು ಕೆದಕಲಿಲ್ಲ. ಪರೀಕ್ಷಕರಿಗೆ ಫೋನು ಮಾಡಿದರು, ಎತ್ತಲಿಲ್ಲ. ಮತ್ತೆ ಮಾಡಿದರು. ಕೊನೆಗೆ, “ಒಂದು ದಾರಿ ಐತಿ. ಅಂಕ ಕಂಪ್ಯೂಟರಿಗೆ ಏರಿಸೋದು ಅವರ ಕೈಯಾಗ ಐತಿ. ಸಂಜಿತನಕ ಏರಿಸಲಿಕ್ಕಿಲ್ಲ. ನೀ ಈಗ ಲಿಂಗಸುಗೂರ ಬಸ್ ಹತ್ತು. ಅವರು ಮನಸ್ಸು ಮಾಡಿದ್ರ ಅಲ್ಲಿಯ ಬ್ಯಾಚಿನಾಗ ಒಂದು ಮೂಲ್ಯಾಗ ನಿಂದರಿಸಿ ಮಾಡಿಸಬೌದು. ಇದ್ದದ್ದು ಇದ್ದಂಗ ಹೇಳು. ಕಡಕ್ ಮನುಷ್ಯ, ಆದರ ಕೆಟ್ಟವರಲ್ಲ,” ಎಂದರು.

ಇದ್ದದ್ದು ಇದ್ದಂತೆ. ಬಸ್ಸಿನಲ್ಲಿ ನಿಂತು ಶಾಕೀರಾ ಆ ಮಾತನ್ನು ಬಾಯಿಪಾಠ ಮಾಡಿದಳು. ಸರ್, ನಾನು ಹೊಲದಾಗ ಇದ್ದೆ. ನಮ್ಮ ತಾಯಿಗೆ ಕಾಲು ಬಾತಿತ್ತು. ನೀವು ಬಂದಾಗ ನಾನು ಅಲ್ಲೇ ಇದ್ದೆ, ನಾಚಿಕಿ ಆತು, ಮುಖ ಮುಚ್ಚಿಕೊಂಡೆ. ಮೂರು ಮಾತುಗಳು. ಅವುಗಳಲ್ಲಿ ಕೊನೆಯದನ್ನು ಮಾತ್ರ ಪ್ರತಿ ಸಲವೂ ಅರ್ಧಕ್ಕೆ ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು.

ಪಕ್ಕದ ಸೀಟಿನಲ್ಲಿ ಮಡಿಲೊಳಗೆ ಹುಂಜವನ್ನು ಇಟ್ಟುಕೊಂಡ ಮುದುಕಿಯೊಬ್ಬಳು ಕಂಡಕ್ಟರನ ಜೊತೆ ಜಗಳಕ್ಕೆ ಬಿದ್ದಿದ್ದಳು.

“ನಾ ಗುರುಗುಂಟಾಕ್ಕ ಹೊಂಟಾಕಿ. ನನಗ ಫ್ರೀ ಐತಿಲ್ಲ?”

“ನಿನಗ ಫ್ರೀ ಐತಿ ಮುದುಕಿ. ಹುಂಜಕ್ಕ ಇಲ್ಲ.”

“ಯಾಕಿಲ್ಲಪ್ಪ?”

“ಅದು ಗಂಡಸು.”

ಬಸ್ಸೆಲ್ಲ ನಕ್ಕಿತು. ಮುದುಕಿಯೂ ನಕ್ಕು, ಶಾಕೀರಾಳ ಮುಖ ನೋಡಿ, “ನೀ ಯಾಕ ನಗವಲ್ಲಿ ಮಗಳ? ಯಾರಾರ ಸತ್ತಾರೇನು?” ಎಂದು ಮೆಲ್ಲಗೆ ಕೇಳಿದಳು. ಇಲ್ಲವೆಂದು ತಲೆಯಾಡಿಸಿದಳು. ಮುದುಕಿ ಸರಿದು ಅರ್ಧ ಸೀಟು ಕೊಟ್ಟಳು.

ಮಸ್ಕಿಯಲ್ಲಿ ಬಸ್ಸು ನಿಂತಿತು, ನಿಂತೇ ಇತ್ತು. ಡ್ರೈವರು ಚಹಾ ಕುಡಿಯಲು ಹೋದ. ಕಿಟಕಿಯಾಚೆ ರಸ್ತೆಯ ಬದಿಯ ಪಂಕ್ಚರ್ ಅಂಗಡಿಯಲ್ಲಿ ಟೈರುಗಳ ಕಪ್ಪು ಗುಡ್ಡೆ. ಅದರ ಮುಂದೆ ಮಂಡಿಯೂರಿ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ತೂತು ಹುಡುಕುತ್ತಿದ್ದವನು ಸೋದರತ್ತೆಯ ಮಗ ಇಶ್ತಿಯಾಕ್. ಒಳ್ಳೆಯ ಹುಡುಗನೇ, ಕುಡಿತವಿಲ್ಲ, ಕೆಟ್ಟ ಮಾತಿಲ್ಲ. ಹಬ್ಬಕ್ಕೆ ಬಂದಾಗ ಅವಳ ಪುಸ್ತಕಗಳನ್ನು ತಿರುವಿ ಹಾಕಿ, “ಇಷ್ಟೆಲ್ಲ ಓದಿ ಏನ್ ಮಾಡ್ತಿ?” ಎಂದು ನಿಜವಾಗಿಯೂ ತಿಳಿಯದೆ ಕೇಳಿದ್ದ. ಅವನು ತಲೆ ಎತ್ತಿ ಬಸ್ಸಿನ ಕಡೆ ನೋಡಿದ. ಶಾಕೀರಾ ದುಪಟ್ಟಾವನ್ನು ಮುಖದ ಮೇಲೆ ಎಳೆದುಕೊಂಡಳು. ಎಳೆದುಕೊಂಡ ಮೇಲೆ, ಬೆಳಿಗ್ಗೆಯೂ ಕೈ ಹೀಗೆಯೇ ಮೇಲೆದ್ದಿತ್ತೆಂಬುದು ನೆನಪಾಗಿ, ಬಟ್ಟೆಯ ಒಳಗೇ ತುಟಿ ಕಚ್ಚಿಕೊಂಡಳು.

ಲಿಂಗಸುಗೂರು ಮುಟ್ಟುವ ಹೊತ್ತಿಗೆ ಬಿಸಿಲು ಓರೆಯಾಗಿತ್ತು. ಬಸ್ ನಿಲ್ದಾಣದಿಂದ ಕಾಲೇಜಿನವರೆಗೆ ಅವಳು ನಡೆಯಲಿಲ್ಲ, ಓಡಿದಳು. ಪ್ರಯೋಗಾಲಯದ ಬಾಗಿಲಲ್ಲಿ ಸೇವಕ ತಡೆದ. ಒಳಗೆ ಬಿಳಿಯ ಕೋಟಿನ ಹುಡುಗ ಹುಡುಗಿಯರು ನಳಿಗೆಗಳನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನಿಂತಿದ್ದರು. ಕೊನೆಯ ಮೇಜಿನ ಮೂಲೆಯಲ್ಲಿ ಒಂದು ಜಾಗ ಖಾಲಿಯಿತ್ತು. ಅಲ್ಲಿ ಬ್ಯೂರೆಟ್ಟು ಸಹ ಸಿಕ್ಕಿಸಿಯೇ ಇತ್ತು. ಶಾಕೀರಾ ಆ ಜಾಗವನ್ನು ಬಹಳ ಹೊತ್ತು ನೋಡಿದಳು.

ಪರೀಕ್ಷಕರು ಚಹಾ ಕುಡಿಯಲು ಹೊರಗೆ ಬಂದರು. ವಯಸ್ಸಾದವರು, ನರೆತ ಮೀಸೆ. ಶಾಕೀರಾ ಬಾಯಿ ತೆರೆದಳು. ಆಗ ಅವಳ ಕಣ್ಣು ಅವರ ಪ್ಯಾಂಟಿನ ಅಂಚಿಗೆ ಹೋಯಿತು. ಮೊಣಕಾಲಿನ ಕೆಳಗೆ ಕೆಸರು ಒಣಗಿ ಬೂದುಬಣ್ಣದ ಚುಕ್ಕೆಗಳಾಗಿ ನಿಂತಿತ್ತು. ಕರೆಮ್ಮ ಇಟ್ಟ ಸಸಿಯ ಕೆಸರು.

ಬಸ್ಸಿನುದ್ದಕ್ಕೂ ಮಾಡಿದ ಬಾಯಿಪಾಠ ಅಲ್ಲಿಯೇ ಉದುರಿಹೋಯಿತು.

“ಸರ್, ನಾನು ಸಿಂಧನೂರ ಕಾಲೇಜಿನ ಶಾಕೀರಾ. ಬೆಳಿಗ್ಗೆ… ಜ್ವರ ಇತ್ತು ಸರ್. ಬರಾಕ ಆಗ್ಲಿಲ್ಲ.”

“ಓ, ಸಿದ್ದರಾಮೇಶ ಹೇಳಿದ ಹುಡುಗಿ,” ಎಂದರು ಅವರು. ದನಿ ಮೃದುವಾಗಿಯೇ ಇತ್ತು. “ಡಾಕ್ಟರ್ ಹತ್ತಿರ ತೋರಿಸಿದೆಯಾ? ಚೀಟಿ ಇದ್ದರೆ ಕೊಡು, ಅದರ ಮೇಲೆ ಏನಾದರೂ ಬರೆಯಬಹುದೇನೋ ನೋಡೋಣ.”

“ಚೀಟಿ ಇಲ್ಲ ಸರ್.”

“ಹಾಲ್ ಟಿಕೆಟ್?”

ಕೊಟ್ಟಳು. ಅವರು ಟಿಕೆಟ್ಟನ್ನು ನೋಡಲಿಲ್ಲ, ಅದನ್ನು ಹಿಡಿದಿದ್ದ ಕೈಯನ್ನು ನೋಡಿದರು. ಬೆರಳ ತುದಿಗಳೆಲ್ಲ ನೀರಿಗೆ ನೆನೆದು ಸುಕ್ಕಾಗಿ ಬೆಳ್ಳಗೆ ಬಿರಿದಿದ್ದವು. ಎಷ್ಟು ಉಜ್ಜಿದರೂ ಹೋಗದ ಕೆಸರು ಉಗುರಿನ ಬುಡದಲ್ಲಿ ಕಪ್ಪಗೆ ಕುಳಿತಿತ್ತು. ಅವರು ಒಂದು ಸಲ ಅದನ್ನು, ಒಂದು ಸಲ ತಮ್ಮ ಪ್ಯಾಂಟಿನ ಅಂಚನ್ನು ನೋಡಿಕೊಂಡರು.

“ಬೆಳಿಗ್ಗೆ ಆ ಮಡಿಯಲ್ಲಿ ನೀನಿದ್ದೆಯಾ?”

ಶಾಕೀರಾ ತಲೆ ತಗ್ಗಿಸಿದಳು. ಆಮೇಲೆ ಹೌದೆಂದಳು.

“ಅಲ್ಲಮ್ಮಾ, ನಿನ್ನ ಹೆಸರು ಹಿಡಿದೇ ಮಾತಾಡಿದೆವಲ್ಲ. ಒಂದು ಮಾತು, ಸರ್ ಅಂತ ಕರೆದಿದ್ದರೆ ಸಾಕಾಗಿತ್ತು. ಒಂದು ಗಳಿಗೆ ನಿಂತು ಕರೆದುಕೊಂಡೇ ಹೋಗುತ್ತಿದ್ದೆವು.”

“ಕೆಸರಾಗಿದ್ದೆ ಸರ್.”

“ಹೊಲದಲ್ಲಿದ್ದೆ ಅಂತ ಈಗಲಾದರೂ ಹೇಳಿದ್ದರೆ…” ಅವರು ಮಾತನ್ನು ಪೂರ್ತಿ ಮಾಡಲಿಲ್ಲ. ಚಹಾದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. “ಈಗ ಮಾತಾಡಿ ಫಲವಿಲ್ಲ. ನಾನು ಬಸ್ಸಿನಲ್ಲಿ ಬರುವಾಗಲೇ ಮೊಬೈಲಿನಿಂದ ಏರಿಸಿಬಿಟ್ಟೆ. ಗೈರುಹಾಜರಿ ಹೋಗಿಬಿಟ್ಟಿದೆ. ಮುಂದಿನ ವರ್ಷ ಬಾ. ಸುಳ್ಳು ಮಾತ್ರ ಹೇಳಬೇಡ.”

ಅವರು ಒಳಗೆ ಹೋದರು. ಬಾಗಿಲು ಮುಚ್ಚಿತು. ಗೈರುಹಾಜರಿ ನಿಜವಾಗಿಯೂ ಹೋಗಿತ್ತೋ, ಜ್ವರದ ಮಾತು ಕೇಳಿದ ಮೇಲೆ ಹೋಯಿತೋ, ಅದು ಅವಳಿಗೆ ಎಂದೆಂದಿಗೂ ತಿಳಿಯುವಂತಿರಲಿಲ್ಲ. ಒಳಗೆ ಯಾವುದೋ ಹುಡುಗಿ ನಳಿಗೆಯನ್ನು ಬೀಳಿಸಿದ ಸದ್ದು, ಅದರ ಹಿಂದೆಯೇ ಒಂದು ನಗೆ ಕೇಳಿಸಿತು.

ಹಿಂದಿರುಗುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮಸ್ಕಿ ಬಂದಾಗ ಅವಳು ಮುಖ ಮುಚ್ಚಿಕೊಳ್ಳಲಿಲ್ಲ. ಇಶ್ತಿಯಾಕ್ ಅಂಗಡಿಯಲ್ಲಿರಲಿಲ್ಲ.

ಅವಳು ಊರು ಸೇರಿದಾಗ ಕರೆಂಟು ಬಂದಿತ್ತು. ಪಡಸಾಲೆಯ ದೀಪದ ಕೆಳಗೆ ರಾಜೇಸಾಬ್ ಯಾರದೋ ಮದುವೆಯ ಗಾದಿಗೆ ಹೊಲಿಗೆ ಹಾಕುತ್ತಿದ್ದ. ಉದ್ದನೆಯ ಸೂಜಿ ಹತ್ತಿಯ ಒಳಗೆ ಇಳಿದು ಮೇಲೆ ಬರುತ್ತಿತ್ತು. ಹುಸೇನಬಿ ಕಾಲಿಗೆ ಅರಿಸಿನ ಬಳಿದುಕೊಂಡು ಗೋಡೆಗೆ ಒರಗಿದ್ದಳು.

“ಹೆಂಗಾತು ಬೇಟಿ? ಇಷ್ಟು ತಡ ಆತಲ್ಲ,” ಎಂದನು ರಾಜೇಸಾಬ್.

ಆ ದಿನ ಅವಳು ಎರಡು ಸಲ ಮುಖ ಮುಚ್ಚಿಕೊಂಡಿದ್ದಳು, ಒಂದು ಸಲ ಸುಳ್ಳಾಡಿದ್ದಳು. ಇಲ್ಲಿ ಒಂದು ‘ಚಲೋ ಆತು’ ಎಂದರೆ ಫಲಿತಾಂಶ ಬರುವ ತನಕ ಮನೆ ತಣ್ಣಗೆ ಇರುತ್ತಿತ್ತು. ಶಾಕೀರಾ ಚೀಲವನ್ನು ಕೆಳಗಿಟ್ಟು ಅಪ್ಪನ ಎದುರು ಕುಳಿತು, ನಸುಕಿನಿಂದ ನಡೆದುದನ್ನೆಲ್ಲ ಇದ್ದದ್ದು ಇದ್ದಂತೆ ಹೇಳಿದಳು. ಇಷ್ಟು ಸುಲಭವಾಗಿ ಬರುವ ಮಾತು ಅಲ್ಲಿ ಏಕೆ ಬರಲಿಲ್ಲವೋ.

ಹುಸೇನಬಿ ತನ್ನ ಬಾತ ಕಾಲನ್ನು ತಾನೇ ಹೊಡೆದುಕೊಂಡು ಅತ್ತಳು. ರಾಜೇಸಾಬ್ ಅಳಲಿಲ್ಲ, ಬೈಯಲಿಲ್ಲ. ಸೂಜಿಯನ್ನು ಗಾದಿಗೆ ಚುಚ್ಚಿ ಹಾಗೆಯೇ ಬಿಟ್ಟ.

“ನನ್ನ ಕೈಯಾಗ ಇದ್ದಿದ್ರ ಇನ್ನೊಂದು ವರ್ಷ ನಿಂದರ್ತಿದ್ದೆ ಬೇಟಿ,” ಎಂದ ಕೊನೆಗೆ. “ಉಸ್ಮಾನ್‌ಸಾಬರ ಮುಂದ ಆಡಿದ ಮಾತು. ಅಕ್ಕ ಮೂರು ವರ್ಷ ಬಾಯಿ ಮುಚ್ಚಿಕೊಂಡು ಕುಂತಾಳ. ಈಗ ನಾ ಏನಂತ ಹೇಳ್ಲಿ?”

ಶಾಕೀರಾ ಗಾದಿಯಿಂದ ಉದುರಿದ ಹತ್ತಿಯನ್ನು ಆಯ್ದು ಅಪ್ಪನ ಮಗ್ಗುಲಲ್ಲಿಟ್ಟಳು.

“ಅಕ್ಕಗ ಜುಮ್ಮಾ ದಿನ ಲಗ್ನದ ಮಾತಿಗೆ ಬಾ ಅಂತೀನಿ,” ಎಂದು, ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡ.

ಅಷ್ಟರಲ್ಲಿ ಹೊರಗಿನಿಂದ ಕರೆಮ್ಮನ ದನಿ ಬಂದಿತು. ಒಳಗೆ ಬಂದವಳು ಎಣ್ಣೆ ಹೀರಿದ ಕಾಗದದ ಪೊಟ್ಟಣವನ್ನು ಶಾಕೀರಾಳ ಕೈಗಿಟ್ಟಳು. ಜಿಲೇಬಿ; ಇನ್ನೂ ಬೆಚ್ಚಗಿತ್ತು.

“ನಿನ್ನ ಪಾಲು. ನಿಮ್ಮ ಮಾಸ್ತರು ಕೊಟ್ಟ ಖುಷೀದು. ಎಲ್ಲಾರಕ್ಕಿಂತ ದೊಡ್ಡ ನೋಟು ಅವರದ. ಹುಸೇನಬಿ, ಏನ್ ಹೊಗಳಿದರಂತಿ ನಿನ್ನ ಮಗಳನ್ನ! ನನ್ನ ಬಾಯಾಗ ಬಂದಿತ್ತು, ಇದ ಹುಡುಗಿ ನೋಡ್ರಿ ಅಂತ. ಈಕಿ ಬ್ಯಾಡ ಅಂದಳು. ನಾ ಬಾಯಿ ಬಿಡಲಿಲ್ಲ ನೋಡು.”

ಹುಸೇನಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕರೆಮ್ಮ ಅದನ್ನು ಕಾಲಿನ ನೋವೆಂದು ತಿಳಿದಳು.

“ಹುಸೇನಬಿ, ಈ ಕಾಲಾಗ ನೀ ಹತ್ತು ದಿನ ಕೆಸರಿಗೆ ಇಳಿಯೋದು ಆಗಾಂಗಿಲ್ಲ. ಜಾಗ ನಿಮ್ಮದ ಐತಿ, ಇವತ್ತ ಉಳಕೊಂತು.” ಹೊಸ್ತಿಲು ದಾಟುವಾಗ ತಿರುಗಿ ಶಾಕೀರಾಳನ್ನು ಕೇಳಿದಳು: “ನಾಳಿಂದ ನೀನ ಬಾ ಮಗಳ. ಪರೀಕ್ಷಾ ಮುಗೀತಲ್ಲ ನಿನ್ನದು?”

“ಹ್ಞೂ ಅತ್ತಿ, ಮುಗೀತು,” ಎಂದಳು ಶಾಕೀರಾ.

ಪೊಟ್ಟಣವನ್ನು ತಾಯಿಯ ಮಗ್ಗುಲಲ್ಲಿಟ್ಟು, ಅಂಗಳದ ಮೂಲೆಯಲ್ಲಿ ಬಿದ್ದಿದ್ದ ಅಪ್ಪನ ಕೆಸರಂಗಿಯನ್ನು ಎತ್ತಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ಹೋದಳು. ಬೆಳಗಾಗುವುದರೊಳಗೆ ಅದು ಒಣಗಬೇಕಾಗಿತ್ತು.